ನಿಕೊಲಾಯ್ ವಾವಿಲೊವ್ (1887–1943): ನಾಟಿ ತಳಿಗಳ ಬೀಜ ಸಂರಕ್ಷಕ

ಹೊಲ, ಹಿತ್ತಲು ಹಾಗೂ ಕೈತೋಟಗಳಲ್ಲಿ ತಲೆಮಾರುಗಳಿಂದ ಬಿತ್ತಿ ಬೆಳೆದು, ಬೀಜ ಹಿಡಿದು ಉಳಿಸಿಕೊಂಡು ಬಂದ ಹಳೆಯ ತಳಿಗಳ ಮಹತ್ವವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ಇವಾನೊವಿಚ್ ವಾವಿಲೊವ್ ಅವರು ಅಗ್ರಗಣ್ಯರು.

ಜನನ ಮತ್ತು ಶಿಕ್ಷಣ

ಇವರು 1887ರ ನವೆಂಬರ್ 25ರಂದು ಮಾಸ್ಕೋದಲ್ಲಿ ವರ್ತಕರ ಕುಟುಂಬದಲ್ಲಿ ಜನಿಸಿದರು. 1911ರಲ್ಲಿ ಮಾಸ್ಕೋದಲ್ಲಿ ಕೃಷಿ ಶಿಕ್ಷಣ ಪೂರೈಸಿ, 1913ರಲ್ಲಿ ಇಂಗ್ಲೆಂಡಿಗೆ ತೆರಳಿ ತಳಿವಿಜ್ಞಾನಿ ವಿಲಿಯಂ ಬೇಟ್ಸನ್ ಅವರ ಬಳಿ ಅಧ್ಯಯನ ನಡೆಸಿದರು. 1917ರಲ್ಲಿ ಸರಾಟೊವ್ ನಗರದಲ್ಲಿ ಪ್ರಾಧ್ಯಾಪಕರಾದರು.

ಬೀಜ ಸಂಗ್ರಹ

ರೋಗ, ಚಳಿ ಹಾಗೂ ಬರವನ್ನು ತಾಳಿಕೊಳ್ಳುವ ಗುಣಗಳು ರೈತರ ಹಳೆಯ ತಳಿಗಳಲ್ಲಿ ಅಡಗಿವೆ ಎಂಬುದನ್ನು ಇವರು ಮನಗಂಡಿದ್ದರು. ಹೊಸ ತಳಿಗಳು ಬಂದಂತೆ ಇವು ಕಣ್ಮರೆಯಾದರೆ ಆ ಗುಣಗಳೂ ನಾಶವಾಗುತ್ತವೆ. ಆದ್ದರಿಂದ 1916ರಲ್ಲಿ ಪರ್ಷಿಯಾ ಮತ್ತು ಪಾಮೀರ್, 1924ರಲ್ಲಿ ಅಫ್ಘಾನಿಸ್ತಾನ, 1926–27ರಲ್ಲಿ ಇಥಿಯೋಪಿಯಾ, 1932–33ರಲ್ಲಿ ದಕ್ಷಿಣ ಅಮೆರಿಕ ಮುಂತಾದ ಕಡೆ ಸಂಚರಿಸಿ ಬೀಜಗಳನ್ನು ಸಂಗ್ರಹಿಸಿದರು. 1940ರ ವೇಳೆಗೆ ಲೆನಿನ್‌ಗ್ರಾಡ್‌ನ ಸಂಸ್ಥೆಯಲ್ಲಿ ಧಾನ್ಯ, ತರಕಾರಿ, ಹಣ್ಣು ಮೊದಲಾದವುಗಳ ಸುಮಾರು 2.5 ಲಕ್ಷ ಮಾದರಿಗಳು ಸೇರಿದ್ದವು. ಕೂಡಿಟ್ಟ ಬೀಜವು ಕಾಲಕ್ರಮೇಣ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಅವುಗಳನ್ನು ಆಗಾಗ ಬಿತ್ತಿ ಹೊಸ ಬೀಜ ಪಡೆಯಲಾಗುತ್ತಿತ್ತು.

ಬೆಳೆಗಳ ಮೂಲನೆಲೆಗಳನ್ನು ಕುರಿತ ಇವರ ಸಿದ್ಧಾಂತವು 1926ರಲ್ಲಿ ಪ್ರಕಟವಾಯಿತು. ಬದನೆ ಮತ್ತು ಸೌತೆಯ ಮೂಲನೆಲೆ ಭಾರತವೆಂದು ಇವರು ಗುರುತಿಸಿದರು.

ಬಂಧನ ಮತ್ತು ನಿಧನ

ಸ್ಟಾಲಿನ್ ಅವರ ಬೆಂಬಲವಿದ್ದ ಟ್ರೊಫಿಮ್ ಲೈಸೆಂಕೊ ತಳಿವಿಜ್ಞಾನವನ್ನು ತಿರಸ್ಕರಿಸಿದಾಗ ವಾವಿಲೊವ್ ಅವರು ತಮ್ಮ ನಿಲುವನ್ನು ಬಿಡಲಿಲ್ಲ. 1940ರ ಆಗಸ್ಟ್ 6ರಂದು, ಸಸ್ಯಸಂಗ್ರಹದ ಪ್ರವಾಸದಲ್ಲಿದ್ದಾಗಲೇ, ಇವರನ್ನು ಬಂಧಿಸಲಾಯಿತು. 1941ರಲ್ಲಿ ವಿಧಿಸಿದ ಮರಣದಂಡನೆಯನ್ನು ಮುಂದೆ 20 ವರ್ಷಗಳ ಸೆರೆವಾಸಕ್ಕೆ ಇಳಿಸಲಾಯಿತು. ಜನರ ಹಸಿವು ನೀಗಿಸಲು ಬೀಜ ಕೂಡಿಟ್ಟ ಈ ಮಹನೀಯರು, ತಾವು ಹಿಂದೆ ಪಾಠ ಹೇಳಿದ ಸರಾಟೊವ್‌ನ ಸೆರೆಮನೆಯಲ್ಲಿಯೇ ಆಹಾರವಿಲ್ಲದೆ ಸೊರಗಿ 1943ರ ಜನವರಿ 26ರಂದು ನಿಧನರಾದರು.

ಬೀಜಗಳನ್ನು ಕಾಯ್ದ ಸಹೋದ್ಯೋಗಿಗಳು

1941ರ ಸೆಪ್ಟೆಂಬರ್‌ನಿಂದ 1944ರ ಜನವರಿವರೆಗೆ ಜರ್ಮನ್ ಸೇನೆ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಹಾಕಿತ್ತು. ಸಂಸ್ಥೆಯ ಸಿಬ್ಬಂದಿ ಪಾವ್ಲೊವ್ಸ್ಕ್ ಕ್ಷೇತ್ರದ ಆಲೂಗಡ್ಡೆಗಳನ್ನು ಗುಂಡಿನ ದಾಳಿಯ ನಡುವೆ ಅಗೆದು ತಂದು, ಹೆಪ್ಪುಗಟ್ಟದಂತೆ ಬೆಂಕಿ ಕಾಯಿಸಿ ಉಳಿಸಿದರು. ಅವರಲ್ಲಿ ಹಲವರು ಹಸಿವಿನಿಂದ ಮೃತಪಟ್ಟರು. ಭತ್ತದ ಸಂಗ್ರಹದ ಹೊಣೆ ಹೊತ್ತಿದ್ದ ವಿಜ್ಞಾನಿಯೂ ಅವರಲ್ಲೊಬ್ಬರು. ಕೈಗೆಟಕುವಂತಿದ್ದರೂ ಬೀಜವನ್ನು ಅವರು ಆಹಾರವಾಗಿ ಬಳಸಲಿಲ್ಲ.

ಸ್ಮರಣೆ

1955ರಲ್ಲಿ ವಾವಿಲೊವ್ ಅವರನ್ನು ನಿರ್ದೋಷಿಯೆಂದು ಘೋಷಿಸಲಾಯಿತು. ಅವರ ಸಂಸ್ಥೆಯು ಇಂದು ಅವರ ಹೆಸರನ್ನೇ ಹೊಂದಿದೆ.

ಬದನೆಯ ತವರಾದ ನಮ್ಮ ನಾಡಿನಲ್ಲಿ ಉಡುಪಿಯ ಮಟ್ಟುಗುಳ್ಳದಂತಹ ತಳಿಗಳು ಉಳಿದಿರುವುದೂ ಬೀಜ ಹಿಡಿದಿಟ್ಟ ರೈತರಿಂದಲೇ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ ಅಡಿಯಲ್ಲಿ ರೈತರು ತಾವು ಉಳಿಸಿಕೊಂಡು ಬಂದ ಸಾಂಪ್ರದಾಯಿಕ ತಳಿಗಳ ನೋಂದಣಿಗೆ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ.