ಪಾರ್ಸಿಬಾಗಾನ್ ಗಲ್ಲಿಯ ಗಿರೀಂದ್ರಶೇಖರ ಬೋಸರು

ಕಳೆದ ವರ್ಷ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಆಪ್ತಸಲಹೆ ನೀಡುವ ಹೊಣೆ ನನ್ನ ಪಾಲಿಗೆ ಬಂದಿತು. ಅದಕ್ಕೆಂದು ಮೂರು ದಿನಗಳ ತರಬೇತಿ, ಕೊನೆಗೊಂದು ಪ್ರಮಾಣಪತ್ರ. ಮೊದಲ ವಾರದಲ್ಲಿಯೇ ಹುಡುಗನೊಬ್ಬನು ಬಂದು ಎದುರಿಗೆ ಕುಳಿತನು. ತಂದೆಯ ಮಾತು ಬಂದೊಡನೆ ಅವನ ಗಂಟಲು ಕಟ್ಟಿತು. ನಾನು ತಡೆಯಲಾರದೆ ಅರ್ಧ ಗಂಟೆ ಹಿತವಚನ ಹೇಳಿದೆನು. ಅವನು ಕೈಮುಗಿದು ಹೊರಟುಹೋದನು, ಮತ್ತೆ ಬರಲಿಲ್ಲ. ನಾನು ಆಡಿದ್ದೆಲ್ಲ ತೀರಿಹೋದ ನನ್ನ ತಂದೆಗೆ ಆಡದೆ ಉಳಿದಿದ್ದ ಮಾತುಗಳೆಂಬುದು ಆ ರಾತ್ರಿ ಹೊಳೆಯಿತು. ಇನ್ನೊಬ್ಬರ ಮನಸ್ಸನ್ನು ಮುಟ್ಟಹೊರಟವನು ಅದನ್ನು ಯಾರಿಂದ ಕಲಿಯಬೇಕು? ಈ ಪ್ರಶ್ನೆಯನ್ನು ಹಿಡಿದು ಓದುತ್ತಿದ್ದಾಗ ನನಗೆ ದೊರೆತವರು ಕಲ್ಕತ್ತೆಯ ಡಾಕ್ಟರ್ ಗಿರೀಂದ್ರಶೇಖರ ಬೋಸರು.

ಬೋಸರು ಹುಟ್ಟಿದ್ದು 1887ರಲ್ಲಿ. ತಂದೆ ಚಂದ್ರಶೇಖರರು ದರ್ಭಾಂಗ ಸಂಸ್ಥಾನದ ಸೇವೆಯಲ್ಲಿದ್ದವರು. ಅಣ್ಣ ರಾಜಶೇಖರರು ‘ಪರಶುರಾಮ’ನೆಂಬ ಹೆಸರಿನಲ್ಲಿ ಬಂಗಾಳವನ್ನು ನಗಿಸಿದ ಲೇಖಕರು, ನಿಘಂಟುಕಾರರು. ಒಂದೇ ಮನೆಯಲ್ಲಿ ಅಣ್ಣನಿಗೆ ಹಾಸ್ಯ, ತಮ್ಮನಿಗೆ ಮನೋವೈದ್ಯ! ನಮ್ಮಲ್ಲಿ ಇವೆರಡೂ ‘ಕೊರವಂಜಿ’ಯ ರಾಶಿಯವರೊಬ್ಬರಲ್ಲಿಯೇ ಕೂಡಿದ್ದವು.

ಎಳೆಯ ವಯಸ್ಸಿನಲ್ಲಿ ಗಿರೀಂದ್ರರಿಗೆ ಜಾದೂ ಮತ್ತು ಸಂಮೋಹನಗಳ ಹುಚ್ಚು. 1910ರಲ್ಲಿ ವೈದ್ಯ ಪದವಿ ಪಡೆದು ಸ್ವತಂತ್ರ ವೃತ್ತಿ ಹಿಡಿದರು. ದೇಹದ ಮದ್ದಿಗೆ ಬಗ್ಗದ ರೋಗಿಗಳು ಬರತೊಡಗಿದಾಗ ಆ ಹುಚ್ಚೇ ದಾರಿ ತೋರಿರಬೇಕು. ಫ್ರಾಯ್ಡರ ಬರಹಗಳು ಇಂಗ್ಲಿಷಿನಲ್ಲಿ ಅತ್ಯಲ್ಪವಾಗಿ ದೊರೆಯುತ್ತಿದ್ದ ಕಾಲ ಅದು. ಕಲ್ಕತ್ತಾ ವಿಶ್ವವಿದ್ಯಾನಿಲಯವು ಮನಃಶಾಸ್ತ್ರ ವಿಭಾಗವನ್ನು ತೆರೆದಾಗ ಈ ವೃತ್ತಿನಿರತ ವೈದ್ಯರು ಮತ್ತೆ ವಿದ್ಯಾರ್ಥಿಯಾಗಿ ಸೇರಿ 1917ರಲ್ಲಿ ಎಂ.ಎಸ್‌ಸಿ. ಮುಗಿಸಿದರು, 1921ರಲ್ಲಿ ದಮನದ ಪರಿಕಲ್ಪನೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ್ದು ಇದಾದ ಮೂರು ವರ್ಷಗಳ ಮೇಲೆ.

ಆ ಪ್ರಬಂಧವನ್ನು ಬೋಸರು ವಿಯೆನ್ನಾಕ್ಕೆ ಕಳುಹಿಸಿದರು. ಅಷ್ಟು ದೂರದ ನಾಡಿನಿಂದ ಬಂದ ಪುಸ್ತಕವನ್ನು ಕಂಡು ಫ್ರಾಯ್ಡರು ಬೆರಗಾದರು. ಹೀಗೆ ಆರಂಭವಾದ ಪತ್ರಸ್ನೇಹ ಹದಿನೈದು ವರ್ಷಗಳಿಗೂ ಮೇಲ್ಪಟ್ಟು ನಡೆಯಿತು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. 1922ರಲ್ಲಿ ಪಾರ್ಸಿಬಾಗಾನ್ ಗಲ್ಲಿಯ 14ನೆಯ ಸಂಖ್ಯೆಯ ತಮ್ಮ ಮನೆಯಲ್ಲಿಯೇ ಬೋಸರು ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು.

ನನ್ನ ಪ್ರಶ್ನೆಗೆ ಸಂಬಂಧಿಸಿದ ತೊಡಕು ಇಲ್ಲಿದೆ. ಈ ವಿದ್ಯೆಯಲ್ಲಿ ಪುಸ್ತಕ ಓದಿದರೆ ಸಾಲದು. ಕಲಿಯುವವನು ತಾನೇ ಮೊದಲು ರೋಗಿಯ ಸ್ಥಾನದಲ್ಲಿ ಮಲಗಿ, ಅನುಭವಿಯೊಬ್ಬನೆದುರು ತನ್ನ ಮನಸ್ಸನ್ನು ಬಿಚ್ಚಬೇಕು; ಅನಂತರ ಹಿರಿಯರ ಕಣ್ಣಳತೆಯಲ್ಲಿ ರೋಗಿಗಳನ್ನು ನೋಡಬೇಕು. ಬರ್ಲಿನ್ನಿನ ಸಂಸ್ಥೆಯು 1920ರಿಂದ ಈ ಕ್ರಮವನ್ನು ರೂಢಿಗೆ ತಂದಿತು. ಇಂದಿಗೂ ಇದರ ತಿರುಳು ಬದಲಾಗಿಲ್ಲ. ಕಲ್ಕತ್ತೆಯಲ್ಲಿ ಬೋಸರಿಗೆ ಆ ಅನುಭವಿ ಯಾರು? ಯಾರೂ ಇಲ್ಲ. ತಮ್ಮನ್ನು ತಾವೇ ಬಗೆದು ನೋಡಿಕೊಂಡರು. ಬಳಿಕ ಶಿಷ್ಯರನ್ನು ತಾವೇ ವಿಶ್ಲೇಷಿಸಿ ಸಿದ್ಧಗೊಳಿಸಿದರು. ಗುರುವಿಲ್ಲದ ಈ ಗುರುತನವನ್ನು ಆಕ್ಷೇಪಿಸಬಹುದು. ಆದರೆ ಫ್ರಾಯ್ಡರೂ ತಂದೆಯ ಮರಣಾನಂತರ 1897ರಲ್ಲಿ ಮಾಡಿದ್ದು ಇದನ್ನೇ ತಾನೆ? ಆದರೂ ಎಲ್ಲ ಶಿಷ್ಯರೂ ಒಬ್ಬರ ಕೈಯಲ್ಲೇ ಪಳಗಿದರೆ ಗುರುವಿಗೆ ಕಾಣದ್ದು ಶಿಷ್ಯರಿಗೂ ಕಾಣದೆ ಹೋಗುವ ಅಪಾಯವಿದೆಯೆಂದು ನನಗೆ ಅನ್ನಿಸುತ್ತದೆ.

ಗುರುವಿಲ್ಲದುದರಿಂದ ಒದಗಿದ ಲಾಭವೂ ಉಂಟು. ಬೋಸರು ಯಾರ ನೆರಳಿನಲ್ಲಿಯೂ ಯೋಚಿಸಲಿಲ್ಲ. ಪ್ರತಿ ಬಯಕೆಯ ಬೆನ್ನಿಗೂ ಅದರ ವಿರುದ್ಧವಾದ ಬಯಕೆಯೊಂದು ಅಡಗಿರುತ್ತದೆಂಬುದು ಅವರ ಸಿದ್ಧಾಂತ: ಹೊಡೆಯಬೇಕೆಂಬುವನೊಳಗೆ ಹೊಡೆಸಿಕೊಳ್ಳುವ ಬಯಕೆಯೂ ಇದೆ. ರೋಗಿಯು ಕಲ್ಪನೆಯಲ್ಲಿ ಒಮ್ಮೆ ತಾನಾಗಿ, ಒಮ್ಮೆ ಎದುರಾಳಿಯಾಗಿ, ಏತದ ಹಾಗೆ ಏರಿಳಿಯುತ್ತಾ ಹೋದರೆ ಅಡಗಿದ್ದು ಮೇಲಕ್ಕೆ ಬರುತ್ತದೆ. ತಂದೆಯ ಭಯದ ವಿಷಯದಲ್ಲಿ, ತಮ್ಮ ಭಾರತೀಯ ರೋಗಿಗಳು ಯೂರೋಪಿನವರಂತಿಲ್ಲವೆಂದು ಅವರು ನೇರವಾಗಿ ಬರೆದರು. ಫ್ರಾಯ್ಡರು ಸೌಜನ್ಯದಿಂದ ಓದಿದರು, ಒಪ್ಪಲಿಲ್ಲ. ಬೋಸರೂ ಬಿಟ್ಟುಕೊಡಲಿಲ್ಲ, ಸ್ನೇಹವೂ ಕೆಡಲಿಲ್ಲ.

ಉಳಿದುದನ್ನು ಬೇಗನೆ ಹೇಳಬಹುದು. 1933ರಲ್ಲಿ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗಿಗಳ ಹೊರರೋಗಿ ವಿಭಾಗವನ್ನು ಆರಂಭಿಸಿದರು. 1940ರಲ್ಲಿ ಲುಂಬಿನಿ ಪಾರ್ಕ್ ಮಾನಸಿಕ ಆಸ್ಪತ್ರೆ ತೆರೆಯಿತು. ಅದಕ್ಕೆ ಸ್ಥಳವಿತ್ತವರು ಅಣ್ಣ ರಾಜಶೇಖರರು. ಬಿಡುವಿನಲ್ಲಿ ಗೀತೆಗೆ ವ್ಯಾಖ್ಯಾನ, ಪುರಾಣಗಳ ವಿಚಾರ, ಮಕ್ಕಳಿಗೊಂದು ಕಥೆ ಬರೆದರು. 1953ರ ಜೂನ್ ತಿಂಗಳಲ್ಲಿ ತೀರಿಕೊಂಡರು.

ಫ್ರಾಯ್ಡರ ಎಪ್ಪತ್ತೈದನೆಯ ಹುಟ್ಟುಹಬ್ಬದ ನೆನಪಿಗೆ, 1931ರಲ್ಲಿ ಬೋಸರ ಸಂಘವು ದಂತದ ವಿಷ್ಣುವಿನ ವಿಗ್ರಹವೊಂದನ್ನು ಕಳುಹಿಸಿತ್ತು. ಫ್ರಾಯ್ಡರು ಅದನ್ನು ಬರೆಯುವ ಮೇಜಿನ ಮೇಲೆ ಇರಿಸಿಕೊಂಡರು. ಕೆಲಕಾಲದಲ್ಲಿ ಅದರಲ್ಲಿ ಬಿರುಕು ಮೂಡಲು, ಕಲ್ಕತ್ತೆಗೆ ಒಗ್ಗಿದ ದೇವರಿಗೆ ವಿಯೆನ್ನಾದ ಹವೆ ಸೇರದೇನೋ ಎಂದು ದಿನಚರಿಯಲ್ಲಿ ಸಂಶಯಪಟ್ಟುಕೊಂಡರು. 1938ರಲ್ಲಿ ನಾತ್ಸಿಗಳ ಕಾಟಕ್ಕೆ ಊರು ಬಿಟ್ಟು ಲಂಡನ್ನಿಗೆ ಹೋದಾಗ ಅದೂ ಜೊತೆಯಲ್ಲಿ ಹೋಯಿತು. ಈಗ ವಸ್ತುಸಂಗ್ರಹಾಲಯವಾಗಿರುವ ಅಲ್ಲಿನ ಅವರ ಮನೆಯಲ್ಲಿ ಇಂದಿಗೂ ಇದೆ.