ಆಚಾರ್ಯರು ದಾಸರಾದುದು

ಭಾಗ್ಯನಗರದಿಂದ ರಾಯಚೂರಿನತ್ತ ಹೊರಟವರು ಕೃಷ್ಣೆಯನ್ನು ದಾಟಿದೊಡನೆ ಹರಿದಾಸರ ನಾಡನ್ನು ಹೊಗುತ್ತಾರೆ. ಕೃಷ್ಣಾ ತುಂಗಭದ್ರೆಯರ ನಡುವಣ ಈ ಎಡೆದೊರೆ ಸೀಮೆ 1956ರವರೆಗೂ ಹೈದರಾಬಾದಿನ ಆಡಳಿತಕ್ಕೇ ಸೇರಿದ್ದಿತು; ಈ ನಗರದ ಕನ್ನಡಿಗರಲ್ಲಿ ಅನೇಕರ ಮನೆತನದ ಬೇರುಗಳು ಅಲ್ಲಿಯವೇ. ವಿಜಯದಾಸರ ಚೀಕಲಪರ್ವಿ, ಗೋಪಾಲದಾಸರ ಮೊಸರಕಲ್ಲು, ಜಗನ್ನಾಥದಾಸರ ಮಾನವಿ ಎಲ್ಲವೂ ಆ ಸೀಮೆಯ ಊರುಗಳು.

1728ರಲ್ಲಿ ಮಾನವಿಯ ಸಮೀಪದ ಬ್ಯಾಗವಟ್ಟಿಯ ಶಾನುಭೋಗರ ಮನೆತನದಲ್ಲಿ ಜನಿಸಿದ ಶ್ರೀನಿವಾಸನು ಬಾಲ್ಯದಿಂದಲೇ ಕುಶಾಗ್ರಮತಿ. ಮಂತ್ರಾಲಯ ಪರಂಪರೆಯ ಶ್ರೀ ವರದೇಂದ್ರತೀರ್ಥರಲ್ಲಿ ಶಾಸ್ತ್ರಾಧ್ಯಯನ ಮಾಡಿ ಶ್ರೀನಿವಾಸಾಚಾರ್ಯರೆನಿಸಿದರು. ಸಂಸ್ಕೃತದಲ್ಲಿ ಅನರ್ಗಳವಾದ ವಾಕ್ಪಟುತ್ವ, ವಾದದಲ್ಲಿ ಜಯ, ಸುತ್ತ ಶಿಷ್ಯವೃಂದ. ಇಷ್ಟೆಲ್ಲ ಕೂಡಿದ ಮೇಲೆ ಗರ್ವವು ಬಾಗಿಲು ತಟ್ಟಬೇಕಾಗಿಯೂ ಇರಲಿಲ್ಲ.

ಆ ಕಾಲದ ಪಂಡಿತ ಸಮಾಜದಲ್ಲಿ ದಾಸರೆಂದರೆ ಒಂದು ಬಗೆಯ ತಾತ್ಸಾರವಿತ್ತು. ತತ್ತ್ವವನ್ನು ಗೀರ್ವಾಣ ಭಾಷೆಯಲ್ಲಿ ಹೇಳುವವರು ಒಂದು ಕಡೆ. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು, ಮನೆಮನೆಯೆದುರು ಕನ್ನಡದಲ್ಲಿ ಹಾಡುವವರು ಇನ್ನೊಂದು ಕಡೆ. ಕಡುಬಡತನದಲ್ಲಿ ಬೆಳೆದ ವಿಜಯದಾಸರು ಈ ಎರಡನೆಯ ಪಂಕ್ತಿಯ ಹಿರಿಯರು. ಅವರೊಮ್ಮೆ ಪೂಜೆ ಭಜನೆಗಳನ್ನು ಏರ್ಪಡಿಸಿ, ಶ್ರೀನಿವಾಸಾಚಾರ್ಯರನ್ನು ತೀರ್ಥಪ್ರಸಾದಕ್ಕೆ ಕರೆಯಿಸಿದರು. ಹಾಡಿ ಕುಣಿಯುವವರೊಡನೆ ಹೊತ್ತು ಮೀರಿ ಉಣ್ಣುವುದೇ? ತಡವಾಗಿ ಉಂಡರೆ ತಮಗೆ ಹೊಟ್ಟೆಶೂಲೆ ಬರುವುದೆಂದು ಹೇಳಿಕಳುಹಿಸಿ, ಆಚಾರ್ಯರು ಮನೆಯಲ್ಲಿಯೇ ಭೋಜನ ಮುಗಿಸಿದರು. ಆಡಿದ ಸುಳ್ಳು ಸಣ್ಣದು. ಆದರೆ ಕೆಲಕಾಲದಲ್ಲಿಯೇ ನಿಜವಾದ ಶೂಲೆ ಅವರನ್ನು ಹಿಡಿಯಿತೆಂದು ದಾಸ ಪರಂಪರೆ ಹೇಳುತ್ತದೆ.

ಇದನ್ನು ವಿಜಯದಾಸರ ಶಾಪವೆಂದು ಬಣ್ಣಿಸುವ ಕೀರ್ತನಕಾರರೂ ಉಂಟು. ಆದರೆ ಹಾಗೆನ್ನುವುದು ಆ ಮಹನೀಯರನ್ನು ಕಿರಿದುಗೊಳಿಸಿದಂತೆ. ಊಟಕ್ಕೆ ಬಾರದವನನ್ನು ಶಪಿಸುವಷ್ಟು ಮಾನಾಪಮಾನಗಳ ಹಂಗು ಅವರಿಗಿದ್ದಿದ್ದರೆ, ಮುಂದೆ ಅದೇ ವ್ಯಕ್ತಿಗೆ ಪರಿಹಾರದ ದಾರಿಯನ್ನು ಅವರೇ ತೋರಿಸುತ್ತಿರಲಿಲ್ಲ.

ಔಷಧಗಳು ಫಲಿಸಲಿಲ್ಲ. ದೇಹ ಕೃಶವಾಯಿತು; ಉಂಡ ಅನ್ನ ಒಡಲಲ್ಲಿ ನಿಲ್ಲದಾಯಿತು. ಆಚಾರ್ಯರು ಮಂತ್ರಾಲಯಕ್ಕೆ ಹೋಗಿ ರಾಘವೇಂದ್ರಸ್ವಾಮಿಗಳ ಸೇವೆ ಮಾಡಲು, ವಿಜಯದಾಸರನ್ನೇ ಶರಣುಹೋಗುವಂತೆ ಸ್ವಪ್ನದಲ್ಲಿ ಸೂಚನೆಯಾಯಿತಂತೆ. ಅಪರಿಚಿತ ದೇವರ ಮುಂದೆ ಅಡ್ಡಬೀಳುವುದು ಸುಲಭ. ತಾನು ಹಗುರವಾಗಿ ಕಂಡ ಮನುಷ್ಯನ ಹೊಸ್ತಿಲನ್ನು ತುಳಿಯುವುದು ಸುಲಭವಲ್ಲ. ಶ್ರೀನಿವಾಸಾಚಾರ್ಯರ ಇಡೀ ಜೀವಿತದಲ್ಲಿ ಆ ಕೆಲವು ಹರಿದಾರಿಯ ಪಯಣವೇ ಅತಿ ದೀರ್ಘವಾದುದಾಗಿರಬೇಕು.

ಅಲ್ಲಿಗೂ ಪರೀಕ್ಷೆ ಮುಗಿಯಲಿಲ್ಲ. ವಿಜಯದಾಸರು ತಾವು ಗುಣಪಡಿಸದೆ, ಶಿಷ್ಯರಾದ ಗೋಪಾಲದಾಸರ ಬಳಿಗೆ ಅವರನ್ನು ಕಳುಹಿಸಿದರು. ಗುರುವಿಗೆ ತಲೆಬಾಗಲು ಬಂದವನು ಶಿಷ್ಯನಿಗೂ ತಲೆಬಾಗಬೇಕಾಯಿತು. ಇಂದು ತೆಲಂಗಾಣದ ಗದ್ವಾಲ ಜಿಲ್ಲೆಯಲ್ಲಿರುವ ಉತ್ತನೂರಿನಲ್ಲಿ ಗೋಪಾಲದಾಸರು ಆ ರೋಗಿಗೆ ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಉಣಬಡಿಸಿದರು. ಅಪಮೃತ್ಯುವಿದೆಯೆಂದು ತಿಳಿದು ತಮ್ಮ ಆಯುಷ್ಯದಿಂದ 40 ವರ್ಷಗಳನ್ನು ಧಾರೆಯೆರೆದರು ಎಂಬುದು ಭಕ್ತರ ದೃಢವಾದ ನಂಬಿಕೆ. ನಂಬದವರೂ ಗಮನಿಸಬೇಕಾದ ಸಂಗತಿಯೊಂದಿದೆ: ಗೋಪಾಲದಾಸರು 1762ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿಯೇ ದೇಹವಿಟ್ಟರು, ಅವರ ಮನೆಗೆ ಸಾಯುವಂತಾಗಿ ಬಂದವರು ಎಂಬತ್ತನ್ನು ದಾಟಿ ಬಾಳಿದರು. ತನ್ನ ಉಸಿರೇ ಮತ್ತೊಬ್ಬರ ದಾನವೆಂದು ನಂಬಿದವನಿಗೆ ಯಾವುದನ್ನು ಹಿಡಿದು ನಾನು ನನ್ನದು ಎಂದಾನು?

ಇಂಥದೇ ಪ್ರಸಂಗವೊಂದು ಕ್ರೈಸ್ತ ಧರ್ಮಗ್ರಂಥದಲ್ಲಿದೆ. ಶಾಸ್ತ್ರಪಾರಂಗತನಾದ ಸೌಲನು ಯೇಸುವಿನ ಅನುಯಾಯಿಗಳನ್ನು ಸೆರೆಹಿಡಿಯಲು ದಮಸ್ಕಕ್ಕೆ ಹೋಗುವಾಗ ದಾರಿಯಲ್ಲಿ ಕಣ್ಣು ಕಾಣದೆ ಬಿದ್ದನು. ಅವನ ಮೇಲೆ ಕೈಯಿಟ್ಟು ದೃಷ್ಟಿಯನ್ನು ಮರಳಿಸಿದವನು ಅವನು ಹಿಡಿಯಹೊರಟವರಲ್ಲೊಬ್ಬನಾದ ಅನನೀಯ. ಮುಂದೆ ಪೌಲನೆಂದು ಪ್ರಸಿದ್ಧನಾದ ಆತನು ತನ್ನ ಪತ್ರಗಳ ಮೊದಲಲ್ಲಿ ತನ್ನನ್ನು ಕರೆದುಕೊಂಡದ್ದು ಕ್ರಿಸ್ತನ ದಾಸನೆಂದೇ. ಸಿಕಂದರಾಬಾದಿನ ಇಗರ್ಜಿಗಳಲ್ಲಿ ಓದುವ ಕಥೆಗೂ ಮಾನವಿಯ ಕಥೆಗೂ ನಡುವೆ ಎಷ್ಟು ದೇಶಕಾಲಗಳಿದ್ದರೇನು, ಎರಡರಲ್ಲಿಯೂ ವಿದ್ವಾಂಸನು ಗುಣಹೊಂದಿದ್ದು ತಾನು ತೃಣೀಕರಿಸಿದವರ ಕೈಯಿಂದ.

ಗುರುಗಳ ಆಣತಿಯಂತೆ ಆಚಾರ್ಯರು ಪಂಢರಪುರಕ್ಕೆ ನಡೆದರು. ಚಂದ್ರಭಾಗಾ ನದಿಯಲ್ಲಿ ಮುಳುಗಿ ಎದ್ದಾಗ ಜಗನ್ನಾಥವಿಠಲ ಎಂಬ ಅಂಕಿತವುಳ್ಳ ಶಿಲೆ ದೊರೆಯಿತೆಂದು ಪ್ರತೀತಿ. ನದಿಗಿಳಿದವರು ಶ್ರೀನಿವಾಸಾಚಾರ್ಯರು, ದಡಕ್ಕೆ ಬಂದವರು ಜಗನ್ನಾಥದಾಸರು.

ವಿನಯವೆಂದರೆ ವಿದ್ಯೆಯನ್ನು ಬಿಸುಡುವುದೆಂದು ಅವರು ಭಾವಿಸಲಿಲ್ಲ. ಕಲಿತ ಶಾಸ್ತ್ರವನ್ನೆಲ್ಲ ತಾವು ಹಿಂದೆ ಹಳಿದಿದ್ದ ಕನ್ನಡದ ಪಾತ್ರೆಗೇ ಸುರಿದರು. ಮಧ್ವಸಿದ್ಧಾಂತದ ಗಹನ ವಿಷಯಗಳನ್ನು 32 ಸಂಧಿಗಳಲ್ಲಿ, ಭಾಮಿನಿ ಷಟ್ಪದಿಯಲ್ಲಿ ಅಡಗಿಸಿ ಹರಿಕಥಾಮೃತಸಾರವನ್ನು ರಚಿಸಿದರು. ಅದಕ್ಕಿಂತಲೂ ಹೃದಯಕ್ಕೆ ಹತ್ತಿರವಾಗುವುದು ಅವರ ತತ್ತ್ವಸುವ್ವಾಲಿ. ಸುವ್ವಿ ಎಂಬುದು ಒನಕೆ ಹಿಡಿದು ಭತ್ತ ಕುಟ್ಟುವ ಹೆಂಗಳೆಯರ ಸೊಲ್ಲು. ತ್ರಿಪದಿ ಅವರು ಬೀಸುವಾಗ, ಕುಟ್ಟುವಾಗ ಹಾಡಿಕೊಳ್ಳುವ ಛಂದಸ್ಸು. ವಾಕ್ಯಾರ್ಥ ಸಭೆಗಳಲ್ಲಿ ಮೆರೆದ ಪಂಡಿತರು ಒರಳಿನ ಬಳಿ ಕುಳಿತವರಿಗಾಗಿ, ಅವರದೇ ಧಾಟಿಯಲ್ಲಿ ಪದ ಕಟ್ಟಿದರು. ಲಿಂಗಸುಗೂರಿನ ಪ್ರಾಣೇಶದಾಸರು ಇವರ ಶಿಷ್ಯರಾಗಿ ಆ ಪರಂಪರೆಯನ್ನು ಮುಂದುವರಿಸಿದರು. ಕಾಲಾಂತರದಲ್ಲಿ ಸಂಸ್ಕೃತ ಪಂಡಿತರೇ ಕನ್ನಡದ ಹರಿಕಥಾಮೃತಸಾರಕ್ಕೆ ವ್ಯಾಖ್ಯಾನ ಬರೆಯಲು ಕುಳಿತರು.

1809ರ ಶುಕ್ಲ ಸಂವತ್ಸರದ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನವಿಯಲ್ಲಿ ಹರಿಪಾದವನ್ನು ಸೇರಿದರು. ಅವರ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಅದಕ್ಕೆ ಪೂಜೆ ಸಲ್ಲಿಸುತ್ತಾರೆ. ದಸರೆಗೆ ತಿಂಗಳ ಮುನ್ನ ಬರುವ ಆರಾಧನೆಯ ದಿನ ತಂಬೂರಿ, ತಾಳ, ಗೆಜ್ಜೆಗಳ ನಡುವೆ ಅವರ ಪದಗಳನ್ನೇ ಹಾಡುತ್ತಾರೆ. ಭಜನೆ ಮುಗಿದು ಎಲೆ ಹಾಕುವ ವೇಳೆಗೆ ಹೊತ್ತು ಬಹಳ ಮೀರಿರುತ್ತದೆ. ಪ್ರಸಾದಕ್ಕಾಗಿ ಜನ ಕಾದು ಕುಳಿತಿರುತ್ತಾರೆ.