ಹೊಗೆಯಿಂದ ಶಕ್ತಿ ಕಡೆದ ಆಲ್ಫ್ರೆಡ್ ಬ್ಯೂಚಿ

ಕೋಲಾರದ ಎಪಿಎಂಸಿ ಪ್ರಾಂಗಣದಿಂದ ಟೊಮೆಟೊ, ಶ್ರೀನಿವಾಸಪುರದ ಮಂಡಿಗಳಿಂದ ಮಾವು, ಮಾಲೂರಿನಿಂದ ತರಕಾರಿ, ಇಟ್ಟಿಗೆ, ಹೆಂಚು ಹೇರಿಕೊಂಡು ಹೊರಡುವ ಪಿಕಪ್ ವಾಹನಗಳ ಬಾನೆಟ್‌ನೊಳಗಿಂದ ವೇಗ ಏರುತ್ತಿದ್ದಂತೆ ಸಣ್ಣದೊಂದು ಸಿಳ್ಳೆ ಕೇಳಿಬರುತ್ತದೆ. ಅದು ಟರ್ಬೊ ತಿರುಗುವ ಸದ್ದು. ಮುಳಬಾಗಿಲು ದಾಟಿ ನಂಗಲಿಯ ಆಚೆ, ಚಿತ್ತೂರಿನಿಂದ ಮೊಗಿಲಿ ಘಾಟಿಯನ್ನು ಹತ್ತಿ ಬರುವ ವಾಹನದಲ್ಲಿ ಆ ಸದ್ದು ಹಠಾತ್ತನೆ ಭುಸುಗುಟ್ಟುವಿಕೆಯಾಗಿ ಬದಲಾಗಿ, ಹಿಂದೆ ಕಪ್ಪು ಹೊಗೆ ಎದ್ದು, ಎಳೆತ ಕುಸಿದರೆ ಇಂಟರ್‌ಕೂಲರ್ ಪೈಪು ಬಾಯಿ ಬಿಟ್ಟಿದೆಯೆಂದು ಅನುಭವಿ ಚಾಲಕ ಊಹಿಸಬಲ್ಲ. 2023ರ ಜುಲೈನಲ್ಲಿ 15 ಕಿಲೊ ಟೊಮೆಟೊ ಬಾಕ್ಸಿನ ಧಾರಣೆ ಎರಡು ಸಾವಿರ ರೂಪಾಯಿ ದಾಟಿದ್ದ ದಿನಗಳಲ್ಲಿ ಹೀಗೆ ದಾರಿಯಲ್ಲಿ ನಿಂತ ಒಂದು ಗಂಟೆಗೂ ಬೆಲೆಯಿತ್ತು. ಆ ಪೈಪು, ಆ ಟರ್ಬೊ ಇವೆರಡರ ಮೂಲವನ್ನು ಅರಸಿ ಹೊರಟರೆ ದೊರೆಯುವುದು ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್ ಎಂಬ ಕೈಗಾರಿಕಾ ಪಟ್ಟಣ ಮತ್ತು ಅಲ್ಲಿಯ ಒಬ್ಬ ಛಲಗಾರ ಎಂಜಿನಿಯರ್. ಆಟೊಮೊಬೈಲ್ ಎಂಜಿನಿಯರಿಂಗ್ ಓದಿದವರೆಲ್ಲರೂ ಒಮ್ಮೆಯಾದರೂ ಆತನ ಹೆಸರನ್ನು ಕೇಳಿರುತ್ತಾರೆ. ಆತನ ಬದುಕನ್ನು ಬಲ್ಲವರು ವಿರಳ.

ಆಲ್ಫ್ರೆಡ್ ಬ್ಯೂಚಿ ಜನಿಸಿದ್ದು 1879ರ ಜುಲೈ 11ರಂದು. ತಂದೆ ಜೋಹಾನ್ ಬ್ಯೂಚಿ ವಿಂಟರ್‌ತೂರಿನ ಹೆಸರಾಂತ ಸುಲ್ಜರ್ ಯಂತ್ರ ಕಾರ್ಖಾನೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಕಾಕತಾಳೀಯವೆಂದರೆ, ಅದೇ 1879ರಲ್ಲಿ ಟೈಫಾಯಿಡ್ ಬಂದು ಪರೀಕ್ಷೆ ತಪ್ಪಿಸಿಕೊಂಡಿದ್ದ ಮ್ಯೂನಿಕ್‌ನ ಒಬ್ಬ ವಿದ್ಯಾರ್ಥಿ ಕೈಕೆಲಸ ಕಲಿಯಲೆಂದು ಅದೇ ಸುಲ್ಜರ್ ಕಾರ್ಖಾನೆಯನ್ನು ಸೇರಿದ್ದ. ಆತನ ಹೆಸರು ರುಡಾಲ್ಫ್ ಡೀಸೆಲ್. ಮುಂದೆ ಡೀಸೆಲ್ ತನ್ನ ಎಂಜಿನ್ನನ್ನು ರೂಪಿಸಿದಾಗ ಅದರಲ್ಲಿ ಮೊದಲೇ ಆಸಕ್ತಿ ತಳೆದ ಸಂಸ್ಥೆಗಳಲ್ಲಿ ಸುಲ್ಜರ್ ಕೂಡ ಒಂದು. ಹೀಗೆ ಬ್ಯೂಚಿ ಬೆಳೆದದ್ದು ಎಂಜಿನ್ನಿನ ಮಾತು ಮನೆಯೂಟದ ಜೊತೆಗೇ ಬಡಿಸಲ್ಪಡುತ್ತಿದ್ದಂಥ ಊರಿನಲ್ಲಿ.

ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಯಂತ್ರಶಾಸ್ತ್ರ ವ್ಯಾಸಂಗ ಮಾಡಿ 1903ರಲ್ಲಿ ಪದವಿ ಪಡೆದ ಬ್ಯೂಚಿ, ಕೆಲಕಾಲ ಬೆಲ್ಜಿಯಂ ಹಾಗೂ ಇಂಗ್ಲೆಂಡಿನಲ್ಲಿ ದುಡಿದರು. ಆ ವಯಸ್ಸಿನಲ್ಲೇ ಅವರನ್ನು ಕಾಡತೊಡಗಿದ್ದು ಒಂದು ನಷ್ಟದ ಲೆಕ್ಕ. ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬಿಸಿ ಹೊಗೆಯಾಗಿ ಸೈಲೆನ್ಸರ್ ದಾರಿ ಹಿಡಿದು ಹೊರಟುಹೋಗುತ್ತದೆ. ಇತ್ತ ಎಂಜಿನ್ನಿನ ಬಲ ಹೆಚ್ಚಬೇಕಾದರೆ ಹೆಚ್ಚು ಇಂಧನ ಸುಡಬೇಕು, ಹೆಚ್ಚು ಇಂಧನ ಸುಡಲು ಹೆಚ್ಚು ಗಾಳಿ ಬೇಕು. ಗಾಳಿಯನ್ನು ಒತ್ತಿ ತುಂಬುವ ಯೋಚನೆ ಹೊಸದೇನಲ್ಲ. ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಆ ಪಂಪು ತಿರುಗಬೇಕಾದದ್ದು ಎಂಜಿನ್ನಿನ ಬಲದಿಂದಲೇ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಂತೆ. ವ್ಯರ್ಥವಾಗುವ ಹೊಗೆಯ ಹಾದಿಯಲ್ಲೇ ಒಂದು ಚಕ್ರವನ್ನಿಟ್ಟು, ಅದೇ ಅಕ್ಷದಂಡದ ಇನ್ನೊಂದು ತುದಿಯಲ್ಲಿ ಗಾಳಿ ಒತ್ತುವ ಚಕ್ರವನ್ನು ಕೂರಿಸಿದರೆ ಹೇಗೆ ಎಂಬುದು ಬ್ಯೂಚಿಯವರ ಯೋಚನೆ. 1905ರ ನವೆಂಬರ್ 16ರಂದು ಅವರು ಜರ್ಮನಿಯಲ್ಲಿ ಇದಕ್ಕೆ ಪೇಟೆಂಟ್ ಕೋರಿದರು. 204630 ಎಂಬ ಸಂಖ್ಯೆಯ ಆ ಪೇಟೆಂಟಿನ ಒಡೆಯನಿಗೆ ಆಗ 26 ವರ್ಷ ವಯಸ್ಸು.

ಕಾಗದದ ಮೇಲಿನ ನಕ್ಷೆ ಕಬ್ಬಿಣವಾಗಿ ದುಡಿಯಲು ಇಪ್ಪತ್ತು ವರ್ಷ ಹಿಡಿಯಿತು. ಬ್ಯೂಚಿಯವರ ಬದುಕಿನ ತಿರುಳಿರುವುದು ಈ ಇಪ್ಪತ್ತು ವರ್ಷಗಳಲ್ಲಿ.

ಕೈಕೊಟ್ಟ ಪ್ರಯೋಗಗಳು

ಸ್ವದೇಶಕ್ಕೆ ಮರಳಿ ಸುಲ್ಜರ್ ಸೇರಿದ ಬ್ಯೂಚಿಯವರಿಗೆ ಡೀಸೆಲ್ ಎಂಜಿನ್ ಸಂಶೋಧನೆಯ ಹೊಣೆ ದೊರೆಯಿತು. 1911ರಿಂದಾಚೆಗೆ ಪ್ರಯೋಗಗಳು ನಡೆದವು. ಫಲಿತಾಂಶ ಮಾತ್ರ ಉತ್ಸಾಹ ತರುವಂತಿರಲಿಲ್ಲ. ಸುಡುವ ಹೊಗೆಯಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕಾದ ಚಕ್ರದ ಅಲಗುಗಳಿಗೆ ತಕ್ಕ ಲೋಹ ಆಗ ಇರಲಿಲ್ಲ. ಬೇರಿಂಗುಗಳು ತಾಳುತ್ತಿರಲಿಲ್ಲ. ಗಾಳಿ ಒತ್ತುವ ಚಕ್ರದ ದಕ್ಷತೆಯೂ ಕಡಿಮೆ. 1915ರಲ್ಲಿ ಎತ್ತರದ ವಿರಳ ಗಾಳಿಯಲ್ಲೂ ಬಲ ಕುಂದದ ವಿಮಾನ ಎಂಜಿನ್ನೊಂದರ ಮಾದರಿಯನ್ನು ಸಿದ್ಧಪಡಿಸಿದರಾದರೂ ಅದು ನೆಚ್ಚಿಕೆಗೆ ಅರ್ಹವಾಗಲಿಲ್ಲ.

ಅಷ್ಟರಲ್ಲಿ ಇತರರೂ ಅದೇ ಹಾದಿ ತುಳಿದಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಆಗಸ್ಟ್ ರಾಟೊ ವಿಮಾನದ ಎಂಜಿನ್ನಿಗೆ ಇಂಥದೇ ಸಾಧನ ಅಳವಡಿಸಿದರು. ಅಮೆರಿಕದ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ಕೊಲೊರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, ಸುಮಾರು 14 ಸಾವಿರ ಅಡಿ ಎತ್ತರಕ್ಕೆ, ಎಂಜಿನ್ನನ್ನು ಹೊತ್ತೊಯ್ದು ಟರ್ಬೊ ಸಹಾಯದಿಂದ ಅದು ಸಮುದ್ರಮಟ್ಟದ ಬಲವನ್ನೇ ನೀಡುವುದನ್ನು ತೋರಿಸಿಕೊಟ್ಟರು. ತನ್ನ ಕನಸನ್ನು ಬೇರೆಯವರು ಬೇರೆ ದಾರಿಯಲ್ಲಿ ನನಸಾಗಿಸುತ್ತಿರುವಾಗ ಕೈಚೆಲ್ಲಿ ಕೂರುವುದು ಸುಲಭವಿತ್ತು. ಬ್ಯೂಚಿ ಹಾಗೆ ಮಾಡಲಿಲ್ಲ. ವಿಮಾನದ ಮೋಹವನ್ನು ಬದಿಗಿಟ್ಟು ಡೀಸೆಲ್ ಎಂಜಿನ್ನಿಗೇ ಅಂಟಿಕೊಂಡರು. ಇಂದು ನೋಡಿದರೆ ಆ ನಿರ್ಧಾರವೇ ಅವರನ್ನು ಉಳಿದವರಿಂದ ಬೇರೆಯಾಗಿಸಿತು ಎನ್ನಬೇಕು. ಡೀಸೆಲ್ ಎಂಜಿನ್ ಒಳಗೆಳೆಯುವುದು ಬರೀ ಗಾಳಿಯನ್ನು. ಆದ್ದರಿಂದ ಒತ್ತಿದ ಗಾಳಿಯಲ್ಲಿ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುವ ಭಯ, ಪೆಟ್ರೋಲ್ ಎಂಜಿನ್ನಿಗಿರುವಂತೆ, ಅದಕ್ಕಿಲ್ಲ.

ಗೆಲುವು ಅಡಗಿದ್ದುದು ಪೈಪಿನಲ್ಲಿ

1925ರಲ್ಲಿ ಬ್ಯೂಚಿ ಪಡೆದ ಇನ್ನೊಂದು ಪೇಟೆಂಟು ಚಕ್ರದ ಬಗೆಗಿನದಲ್ಲ, ಪೈಪಿನ ಬಗೆಗಿನದು. ಅಲ್ಲಿಯವರೆಗೆ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಂದೇ ದಪ್ಪ ಕೊಳವೆಗೆ ಬಿಟ್ಟು, ಅಲ್ಲಿಂದ ಟರ್ಬೊಗೆ ಹಾಯಿಸುವುದು ರೂಢಿ. ಹೊಗೆ ಸಿಲಿಂಡರಿನಿಂದ ನದಿಯಂತೆ ಹರಿದು ಬರುವುದಿಲ್ಲ, ನಾಡಿಯಂತೆ ಮಿಡಿಯುತ್ತ ಬರುತ್ತದೆ. ಎಲ್ಲವನ್ನೂ ಒಂದೇ ಕೊಳವೆಗೆ ಸುರಿದರೆ ಒಂದರ ಮಿಡಿತ ಇನ್ನೊಂದರ ತೆರೆದ ಬಾಗಿಲಿಗೆ ನುಗ್ಗಿ ಅದರ ಉಸಿರು ಕಟ್ಟಿಸುತ್ತದೆ. ಬ್ಯೂಚಿ ಸಿಲಿಂಡರುಗಳನ್ನು ಗುಂಪುಗಳಾಗಿ ಒಡೆದರು. ಒಂದೇ ಗುಂಪಿನ ಎರಡು ಮಿಡಿತಗಳು ಎದುರಾಗದಂತೆ ಪ್ರತಿ ಗುಂಪಿಗೂ ಕಿರಿದಾದ ಪ್ರತ್ಯೇಕ ಕೊಳವೆಯನ್ನು ಟರ್ಬೊವರೆಗೆ ಒಯ್ದರು. ಜೊತೆಗೆ, ಒಳಬರುವ ಮತ್ತು ಹೊರಹೋಗುವ ಕವಾಟಗಳೆರಡೂ ಕ್ಷಣಕಾಲ ಒಟ್ಟಿಗೆ ತೆರೆದಿರುವಂತೆ ಮಾಡಿ, ಹೊಸ ಗಾಳಿ ಹಳೆಯ ಹೊಗೆಯನ್ನು ಗುಡಿಸಿಕೊಂಡು ಹೋಗುವಂತೆ ಏರ್ಪಡಿಸಿದರು. ಆ ಗಾಳಿಯೇ ಪಿಸ್ಟನ್ನಿನ ತಲೆಯನ್ನೂ ತಣಿಸಿತು.

ಅದರ ಫಲ ಕಂಡದ್ದು ಸಮುದ್ರದ ಮೇಲೆ. ಪೂರ್ವ ಪ್ರಷ್ಯಾ ಪ್ರಾಂತವನ್ನು ಜರ್ಮನಿಯ ಉಳಿದ ಭಾಗದೊಡನೆ ಜೋಡಿಸಲೆಂದು ಬಾಲ್ಟಿಕ್ ಸಮುದ್ರದಲ್ಲಿ ಸಂಚರಿಸುತ್ತಿದ್ದ ಪ್ರಾಯ್ಸನ್ ಮತ್ತು ಹಾನ್ಸೆಸ್ಟಾಟ್ ದಾಂಜಿಗ್ ಎಂಬ ಎರಡು ಪ್ರಯಾಣಿಕ ಹಡಗುಗಳು 1926ರಲ್ಲಿ ನೀರಿಗಿಳಿದವು. ಅವುಗಳ ಹತ್ತು ಸಿಲಿಂಡರಿನ ಎಂಎಎನ್ ಡೀಸೆಲ್ ಎಂಜಿನ್ನುಗಳಿಗೆ ಬ್ಯೂಚಿ ವಿಧಾನದ ಟರ್ಬೊಗಳನ್ನು ಅಳವಡಿಸಲಾಗಿತ್ತು. 1,750 ಅಶ್ವಶಕ್ತಿಯ ಎಂಜಿನ್ 2,500 ಅಶ್ವಶಕ್ತಿ ನೀಡಿತು. ಎಂಜಿನ್ನಿನ ಗಾತ್ರ ಹಿಗ್ಗಲಿಲ್ಲ, ಬಲ ಶೇ 40ಕ್ಕೂ ಮಿಗಿಲಾಗಿ ಏರಿತು. ಮಾತಿನಲ್ಲಿ ಸಂದೇಹಪಡುತ್ತಿದ್ದ ಹಡಗು ಕಂಪನಿಗಳಿಗೆ ಈ ಅಂಕಿಗಳೇ ಸಾಕಾದವು.

ಅದೇ 1926ರಲ್ಲಿ ಸುಲ್ಜರ್ ತೊರೆದ ಬ್ಯೂಚಿ, ಬಾಡೆನ್ನಿನ ಬ್ರೌನ್ ಬೊವೆರಿ ಮತ್ತು ವಿಂಟರ್‌ತೂರಿನ ಸ್ವಿಸ್ ಲೋಕೊಮೋಟಿವ್ ಕಾರ್ಖಾನೆಗಳೊಡನೆ ಸೇರಿ ಒಂದು ಒಕ್ಕೂಟ ಕಟ್ಟಿದರು. ಬ್ಯೂಚಿ ಸಿಂಡಿಕೇಟ್ ಎಂದೇ ಅದು ಹೆಸರಾಯಿತು. ಬ್ರೌನ್ ಬೊವೆರಿ ಟರ್ಬೊ ತಯಾರಿಸುವುದು, ಲೋಕೊಮೋಟಿವ್ ಕಾರ್ಖಾನೆ ಪರೀಕ್ಷೆಗೆ ಎಂಜಿನ್ ಒದಗಿಸುವುದು, ಬ್ಯೂಚಿ ವಿನ್ಯಾಸ ಮತ್ತು ಗಿರಾಕಿಗಳನ್ನು ನೋಡಿಕೊಳ್ಳುವುದು ಎಂಬ ಹಂಚಿಕೆ. ಹಡಗು, ರೈಲು, ವಿದ್ಯುದಾಗಾರಗಳ ದೊಡ್ಡ ಎಂಜಿನ್ನುಗಳಿಗೆ ಟರ್ಬೊ ಹಬ್ಬಿದ್ದು ಹೀಗೆ. ರಸ್ತೆಗೆ ಅದು ಇಳಿದದ್ದು 1938ರಲ್ಲಿ, ಸ್ವಿಟ್ಜರ್ಲೆಂಡಿನದೇ ಆದ ಸೌರರ್ ಕಂಪನಿಯ ಲಾರಿಯ ಮೂಲಕ.

ಒತ್ತಿದ ಗಾಳಿಯ ಬಿಸಿ

ಟರ್ಬೊ ತನ್ನೊಡನೆ ಹೊಸ ತೊಡಕನ್ನೂ ತಂದಿತು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಬೇಸಿಗೆಯ 32 ಡಿಗ್ರಿ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ ಅದರ ಉಷ್ಣತೆ 120 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿ ಗಾಳಿ ಹಿಗ್ಗಿದ ಗಾಳಿ. ಒತ್ತಿದ ಲಾಭದ ಒಂದು ಭಾಗ ಅಲ್ಲಿಯೇ ಸೋರಿಹೋಗುತ್ತದೆ. ನಡುವೆ ರೇಡಿಯೇಟರಿನಂಥ ಇಂಟರ್‌ಕೂಲರ್ ಇಟ್ಟು ಅದನ್ನು 60 ಡಿಗ್ರಿಯ ಆಸುಪಾಸಿಗೆ ಇಳಿಸಿದರೆ ಅದೇ ಸಿಲಿಂಡರಿನಲ್ಲಿ ಸುಮಾರು ಐದನೇ ಒಂದರಷ್ಟು ಹೆಚ್ಚು ಗಾಳಿ ಹಿಡಿಸುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಗಾಳಿಯ ಸಾಂದ್ರತೆ ಚೆನ್ನೈಗಿಂತ ಶೇ 8ರ ಆಸುಪಾಸು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಆ ಕೊರತೆಯನ್ನು ನೇರವಾಗಿ ಅನುಭವಿಸುತ್ತದೆ.

ಟರ್ಬೊದಿಂದ ಕೂಲರಿಗೆ ಒಂದು ಪೈಪು, ಕೂಲರಿನಿಂದ ಎಂಜಿನ್ನಿಗೆ ಇನ್ನೊಂದು. ಮೊದಲನೆಯದು ಬಿಸಿ, ಎರಡನೆಯದು ತಂಪು. ಕಂಪನಿಯಿಂದ ಬರುವ ರಬ್ಬರ್ ಹೋಸು ಬಿಸಿಗೂ, ಎಂಜಿನ್ನಿನಿಂದ ಬರುವ ಎಣ್ಣೆ ಆವಿಗೂ ಸಿಕ್ಕಿ ವರ್ಷಗಳಲ್ಲಿ ಮೆತ್ತಗಾಗುತ್ತದೆ. ಒತ್ತಡ ಏರಿದಾಗ ಬಲೂನಿನಂತೆ ಉಬ್ಬುತ್ತದೆ, ಕೊನೆಗೆ ಸೀಳುತ್ತದೆ ಅಥವಾ ಕ್ಲಾಂಪಿನಿಂದ ಕಳಚಿಕೊಳ್ಳುತ್ತದೆ. ಬಿಎಸ್-6 ವಾಹನಗಳಲ್ಲಿ ಒತ್ತಡ ಇಳಿದದ್ದನ್ನು ಸೆನ್ಸರ್ ಗ್ರಹಿಸಿ, ದೀಪ ಹೊತ್ತಿಸಿ, ಎಂಜಿನ್ನಿನ ಬಲವನ್ನೇ ಕಡಿತಗೊಳಿಸುತ್ತದೆ. ಇದಕ್ಕೆ ಪರಿಹಾರವಾಗಿ ಹಲವರು ಅಲ್ಯೂಮಿನಿಯಂ ಪೈಪು ಮತ್ತು ಬಟ್ಟೆಯ ಪದರಗಳುಳ್ಳ ಸಿಲಿಕೋನ್ ಹೋಸುಗಳನ್ನು ಹಾಕಿಸುತ್ತಾರೆ. ಉಬ್ಬದ ಪೈಪಿನಿಂದ ಟರ್ಬೊದ ಸ್ಪಂದನ ಚುರುಕಾಗುವುದು ನಿಜ. ಆದರೆ ಸಾದಾ ಸಿಲಿಕೋನ್ ಎಣ್ಣೆಗೆ ಶತ್ರು. ಬಿಸಿ ಬದಿಯ ಹೋಸಿಗೆ ಒಳಗಡೆ ಫ್ಲೂರೊ ರಬ್ಬರಿನ ಪದರವಿರಬೇಕು. ಪೈಪಿನ ತುದಿಯಲ್ಲಿ ಉಬ್ಬು ಅಂಚು ಇರಬೇಕು, ಇಲ್ಲವಾದರೆ ಎಷ್ಟು ಬಿಗಿದರೂ ಹೋಸು ಜಾರುತ್ತದೆ. ದಪ್ಪ ಪೈಪು ಹಾಕಿಸಿದರೆ ಬಲ ತಾನಾಗಿ ಹೆಚ್ಚುತ್ತದೆಂಬ ನಂಬಿಕೆ ಮಾತ್ರ ಪೊಳ್ಳು. ಅಗತ್ಯಕ್ಕಿಂತ ದಪ್ಪನೆಯ ಪೈಪನ್ನು ತುಂಬಲು ಟರ್ಬೊಗೆ ಇನ್ನಷ್ಟು ಹೊತ್ತು ಬೇಕು. ಪೈಪಿನ ನೆಪದಲ್ಲಿ ಒತ್ತಡವನ್ನೂ ಡೀಸೆಲ್ ಪ್ರಮಾಣವನ್ನೂ ಏರಿಸಿದರೆ ವಾರಂಟಿಯ ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಶ್ನೆಯೂ ಏಳುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ಆ ಸೆಕ್ಷನ್ ಒಪ್ಪುವುದಿಲ್ಲ.

ಕಿರಿದಾದ ಕೊಳವೆಯಿಂದಲೇ ಗೆದ್ದ ಬ್ಯೂಚಿಯವರಿಗೆ ಈ ದಪ್ಪ ಪೈಪಿನ ಹಂಬಲ ವಿಚಿತ್ರವಾಗಿ ಕಾಣುತ್ತಿತ್ತೋ ಏನೋ.

ಅವರ ಹೆಸರನ್ನು ಮೊದಲು ಮೆರೆಸಿದ ಎರಡು ಹಡಗುಗಳ ಕೊನೆ ದಾರುಣವಾದದ್ದು. ಎರಡನೇ ಮಹಾಯುದ್ಧದಲ್ಲಿ ನೆಲಬಾಂಬಿನಂತೆ ನೀರಿನಲ್ಲಿ ಮೈನ್ ಹಾಸುವ ಕೆಲಸಕ್ಕೆ ಜರ್ಮನ್ ನೌಕಾಪಡೆ ಅವುಗಳನ್ನು ಬಳಸಿಕೊಂಡಿತು. 1941ರ ಜುಲೈ 9ರಂದು ಸ್ವೀಡನ್ನಿನ ಓಲಾಂಡ್ ದ್ವೀಪದ ಬಳಿ ಸ್ವೀಡನ್ ಹಾಸಿದ್ದ ಮೈನುಗಳಿಗೆ ಸಿಕ್ಕಿ ಅವೆರಡೂ, ಜೊತೆಗಿದ್ದ ಟಾನೆನ್‌ಬೆರ್ಗ್ ಎಂಬ ಮೂರನೆಯ ಹಡಗೂ ಒಂದೇ ದಿನ ಮುಳುಗಿದವು.

ಬ್ಯೂಚಿ ಯುದ್ಧಾನಂತರವೂ ಬಹುಕಾಲ ಬಾಳಿದರು. 1954ರಲ್ಲಿ ವೋಲ್ವೊ ತನ್ನ ಲಾರಿಗೆ ಟರ್ಬೊ ಅಳವಡಿಸಿದ್ದು ಅವರ ಜೀವಿತಕಾಲದಲ್ಲೇ. ಅದೇ ವೋಲ್ವೊ ಕೋಲಾರದ ಹಾದಿಯಲ್ಲಿರುವ ಹೊಸಕೋಟೆಯಲ್ಲಿ ಲಾರಿ ಕಾರ್ಖಾನೆ ತೆರೆದದ್ದು 1998ರಲ್ಲಿ. 1959ರ ಅಕ್ಟೋಬರ್ 27ರಂದು, ತಮ್ಮ 80ನೇ ವಯಸ್ಸಿನಲ್ಲಿ, ಹುಟ್ಟಿದ ಊರಾದ ವಿಂಟರ್‌ತೂರಿನಲ್ಲೇ ಬ್ಯೂಚಿ ಕಣ್ಮುಚ್ಚಿದರು. ಭಾರತದ ರಸ್ತೆಗಳಲ್ಲಿ ಆಗ ಓಡುತ್ತಿದ್ದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳಲ್ಲಿ ಟರ್ಬೊ ಇರಲಿಲ್ಲ. ಮೂರು ವರ್ಷಗಳ ತರುವಾಯ, 1962ರಲ್ಲಿ, 2,600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ರೈಲು ಎಂಜಿನ್ನುಗಳು ಅಮೆರಿಕದಿಂದ ಭಾರತಕ್ಕೆ ಬಂದವು. ಟರ್ಬೊ ಹಾಗೂ ಒತ್ತಿದ ಗಾಳಿ ತಣಿಸುವ ಕೂಲರ್ ಎರಡನ್ನೂ ಹೊತ್ತಿದ್ದ ಆ ಎಂಜಿನ್ನುಗಳು, ವಿದ್ಯುತ್ ತಂತಿ ಬರುವ ಮುನ್ನ, ಮಾಲೂರು, ಟೇಕಲ್, ಬಂಗಾರಪೇಟೆಗಳ ಮೂಲಕ ಮದರಾಸಿನತ್ತ ರೈಲುಗಳನ್ನು ಎಳೆದವು.